ಬ್ಲೋವರ್ ಕೂರಿಸಿದ ಬೋಟ್ ಎಂಜಿನ್: ಜೆಟ್ ಮುಟ್ಟುವ ಮೊದಲು ಪವರ್ ವಾಲ್ವ್ ನೋಡಿ

ಕಾರು ಏರು ಹತ್ತಿದ ಮೇಲೆ ಇಳಿಜಾರೂ ಸಿಗುತ್ತದೆ, ಎಂಜಿನ್ ಸುಧಾರಿಸಿಕೊಳ್ಳುತ್ತದೆ. ಬೋಟಿಗೆ ಇಡೀ ದಾರಿಯೂ ಏರೇ. ಅರಿಜೋನಾದ ಹವಾಸು ಸರೋವರದಂಥ ಕಡೆ ಮುಕ್ಕಾಲು ಥ್ರಾಟಲ್‌ನಲ್ಲೇ ಮೈಲಿಗಟ್ಟಲೆ ಓಡಿಸುತ್ತಾರೆ. ಶೆವರ್ಲೆ 454 ಎಂಬ ಎಂಟು ಸಿಲಿಂಡರ್ ಎಂಜಿನ್, ಮೇಲೆ ಗಾಳಿಯನ್ನು ಒತ್ತಿ ತುಂಬುವ 6-71 ರೂಟ್ಸ್ ಬ್ಲೋವರ್, ಅದರ ಮೇಲೆ ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಹಾಲಿ ಕಾರ್ಬ್ಯುರೇಟರ್: ಈ ಜೋಡಣೆಯಲ್ಲಿ ಪಿಸ್ಟನ್ ತೂತಾಗುವುದು ಹೆಚ್ಚಾಗಿ ಆ ಮುಕ್ಕಾಲು ಥ್ರಾಟಲ್‌ನಲ್ಲೇ.

ಕಾರಣ ಕಾರ್ಬ್ಯುರೇಟರ್‌ನೊಳಗಿನ ಪವರ್ ವಾಲ್ವ್. 6.5 ಎಂದು ಗುರುತಿರುವ ವಾಲ್ವ್, ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆಯುವ ಸೆಳೆತ) 6.5 ಇಂಚು ಪಾದರಸಕ್ಕಿಂತ ಇಳಿದಾಗ ತೆರೆದು ಹೆಚ್ಚುವರಿ ಪೆಟ್ರೋಲ್ ಕೊಡುತ್ತದೆ. ಬ್ಲೋವರ್ ಇದ್ದರೆ ಈ ಲೆಕ್ಕ ತಪ್ಪುತ್ತದೆ. ಕೆಳಗೆ, ಸಿಲಿಂಡರ್‌ಗಳಿಗೆ ಮಿಶ್ರಣ ಹಂಚುವ ಮ್ಯಾನಿಫೋಲ್ಡ್‌ನಲ್ಲಿ, ಬೂಸ್ಟ್ ಅಂದರೆ ಬ್ಲೋವರ್‌ನ ಒತ್ತಡ ತುಂಬಿರುತ್ತದೆ. ಮೇಲೆ ಬ್ಲೋವರ್ ಎಳೆಯುತ್ತಲೇ ಇರುವುದರಿಂದ ಕಾರ್ಬ್ಯುರೇಟರ್ ಬುಡದಲ್ಲಿ ವ್ಯಾಕ್ಯೂಮ್ ಉಳಿದಿರುತ್ತದೆ. ವಾಲ್ವ್‌ಗೆ ತಿಳಿಯುವುದು ಆ ಬುಡದ ವ್ಯಾಕ್ಯೂಮ್ ಮಾತ್ರ, ಹಾಗಾಗಿ ಅದು ಮುಚ್ಚಿಯೇ ಇರುತ್ತದೆ, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಸಾಲದಾಗುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಅದಕ್ಕೇ ಮೋಸಹೋಗುವುದು.

ಸರಿಯಾದ ದಾರಿ ಒಂದೇ: ಬುಡದಲ್ಲಿರುವ ವ್ಯಾಕ್ಯೂಮ್ ರಂಧ್ರ ಮುಚ್ಚಿ, ಬ್ಲೋವರ್ ಕೆಳಗಿನ ಮ್ಯಾನಿಫೋಲ್ಡ್‌ನಿಂದ ಹೋಸ್ ತಂದು ವಾಲ್ವ್‌ಗೆ ಕೊಡಿ. ಹೋಸ್‌ಗೆ ಎರಡೂ ತುದಿಯಲ್ಲಿ ಕ್ಲ್ಯಾಂಪ್ ಬೇಕೇ ಬೇಕು. ಆ ಮ್ಯಾನಿಫೋಲ್ಡ್‌ನಲ್ಲಿರುವುದು ಬರೀ ಗಾಳಿಯಲ್ಲ, ಪೆಟ್ರೋಲ್ ಬೆರೆತ ಗಾಳಿ. ಹೋಸ್ ಕಳಚಿದರೆ ಎಂಜಿನ್ ಕೋಣೆಯೊಳಗೆ ಅದನ್ನೇ ಉಗುಳುತ್ತದೆ. ವಾಲ್ವ್ ತೆಗೆದು ಆ ತೂತಿಗೆ ಬಿರಡೆ ಹಾಕಿ, ಜೆಟ್ (ಪೆಟ್ರೋಲ್ ಹಾಯುವ ಅಳತೆಯ ತೂತು) 6ರಿಂದ 8 ನಂಬರ್ ಏರಿಸುವವರೂ ಇದ್ದಾರೆ. ಎಂಜಿನ್ ಉಳಿಯುತ್ತದೆ, ಆದರೆ ನಿಧಾನ ಓಟದಲ್ಲೂ ಪೆಟ್ರೋಲ್ ಸುರಿಯುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ.

ಆಮೇಲೆ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್: ಬಟ್ಟಲಿನ ಪಕ್ಕದ ತೂತಿನ ಕೆಳ ಅಂಚಿಗೆ ಪೆಟ್ರೋಲ್ ಮುಟ್ಟಿದರೆ ಸಾಕು. ಪೂರ್ತಿ ಥ್ರಾಟಲ್‌ನಲ್ಲಿ ಇಂಧನದ ಒತ್ತಡ 5 ಪಿಎಸ್‌ಐಗಿಂತ ಇಳಿಯಬಾರದು. ಇಳಿದರೆ ಯಾವ ಜೆಟ್ ಹಾಕಿಯೂ ಪ್ರಯೋಜನವಿಲ್ಲ. ಐಡಲ್ ಸ್ಕ್ರೂಗಳನ್ನು ಒಂದೂವರೆ ಸುತ್ತು ಬಿಚ್ಚಿ ಶುರುಮಾಡಿ, ಎಂಟನ್ನೂ ಸಮನಾಗಿ ಕಾಲು ಸುತ್ತಿನಂತೆ ತಿರುಗಿಸಿ. ಕೊನೆಯ ಹೊಂದಾಣಿಕೆ ಬೋಟ್ ನೀರಿನಲ್ಲಿದ್ದು, ಗೇರ್ ಇದ್ದರೆ ಹಾಕಿ, ಲೋಡ್ ಬಿದ್ದಾಗಲೇ ಆಗಬೇಕು.

ಮುಖ್ಯ ಜೆಟ್ ಬದಲಿಸುವುದು ಒಂದು ಸಲಕ್ಕೆ ಎರಡೇ ನಂಬರ್, ಯಾವಾಗಲೂ ರಿಚ್ ಕಡೆಯಿಂದ, ಅಂದರೆ ಪೆಟ್ರೋಲ್ ಹೆಚ್ಚಿರುವ ಕಡೆಯಿಂದ, ಕೆಳಗೆ. ಪೂರ್ತಿ ಲೋಡ್‌ನಲ್ಲಿ ಗಾಳಿ-ಇಂಧನ ಅನುಪಾತ 11.5ರಿಂದ 12 ಇರಲಿ. ಆಕ್ಸಿಜನ್ ಸೆನ್ಸರ್ ಕೂರಿಸುವುದಾದರೆ ಎಕ್ಸಾಸ್ಟ್‌ಗೆ ನೀರು ಸೇರುವ ಜಾಗಕ್ಕಿಂತ ಸಾಕಷ್ಟು ಮೊದಲು, ಒಣ ಭಾಗದಲ್ಲಿ. ಐಡಲ್‌ನಲ್ಲಿ ನೀರು ಹಿಂದಕ್ಕೆ ಚಿಮ್ಮಿ ಸೆನ್ಸರ್ ಒಡೆಯುತ್ತದೆ. ಸೆನ್ಸರ್ ಹೇಳುವುದು ಸರಾಸರಿ ಮಾತ್ರ, ಆದ್ದರಿಂದ ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಹೊಸ ಪ್ಲಗ್ ಹಾಕಿ, ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಥ್ರಾಟಲ್ ಬಿಡುತ್ತಲೇ ಇಗ್ನಿಷನ್ ಕತ್ತರಿಸಬೇಕು. ನೀರನ್ನು ಹಿಂದಕ್ಕೆ ಚಿಮ್ಮಿಸಿ ಓಡುವ ಜೆಟ್ ಬೋಟಿನಲ್ಲಿ ಎಂಜಿನ್ ನಿಂತ ಕ್ಷಣವೇ ಸ್ಟೀರಿಂಗ್ ಕೈಬಿಡುತ್ತದೆ. ಮುಂದೆ ನೇರ, ಖಾಲಿ ನೀರಿದ್ದಾಗ ಮಾತ್ರ ಇದನ್ನು ಮಾಡಿ. ಪ್ಲಗ್‌ನ ಪಿಂಗಾಣಿಯ ಮೇಲೆ ಬೆಳ್ಳಿ ಬಣ್ಣದ ಚುಕ್ಕೆಗಳು ಕಂಡರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಆ ದಿನ ಮತ್ತೆ ಸ್ಟಾರ್ಟ್ ಮಾಡಬೇಡಿ.