ದರಪಟ್ಟಿಯ ಪರದೆ: ಮೂರನೇ ವಾರ

ಹುಬ್ಬಳ್ಳಿಯ ದುರ್ಗದಬೈಲಿನ ಮಾವನ ಕಿರಾಣಿ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕ ಪುಟ್ಟ ಪರದೆ ಇಟ್ಟು ಮೂರು ವಾರವಾಯಿತು. ಗಡಿಯಾರ, ಬ್ಯಾಡಗಿ ಮೆಣಸಿನಕಾಯಿ ಮತ್ತು ಬೆಳ್ಳುಳ್ಳಿಯ ದಿನದ ದರ, ಅಷ್ಟೆ. ಐಎಲ್‌ಐ9341 ಎಂಬ ಚಿಪ್ ಅದನ್ನು ನಡೆಸುತ್ತದೆ, 240×320 ಚುಕ್ಕೆ. ಚಿಪ್ಪಿಗೆ ಚಿತ್ರ ಕಳಿಸುವ ಪ್ರೋಗ್ರಾಮು, ಅಂದರೆ ಡ್ರೈವರ್, ನಾನೇ ಬರೆದದ್ದು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ (ಡ್ರೈವರ್ ಓಡುವುದು ಇದರಲ್ಲೇ) ಇನ್ವರ್ಟರ್ ಲೈನಿನಲ್ಲಿದೆ. ಪರದೆಗೆ ಮಾತ್ರ ನೇರ ಲೈನಿನ ಅಡಾಪ್ಟರ್, ಏಕೆಂದರೆ ಅದರ ಬೆಳಕು ಬ್ಯಾಟರಿ ತಿನ್ನುತ್ತದೆ ಎಂಬುದು ಮಾವನ ಲೆಕ್ಕ. ವಾದಿಸಿ ಸೋತೆ.

ಹೀಗಾಗಿ ಕರೆಂಟು ಹೋದಾಗ ಪೈ ಎಚ್ಚರವಾಗಿರುತ್ತದೆ, ಪರದೆ ಸತ್ತಿರುತ್ತದೆ. ಪೈನಿಂದ ಪರದೆಗೆ ದತ್ತಾಂಶ ಒಯ್ಯುವ ಎಸ್‌ಪಿಐ ತಂತಿಯಲ್ಲಿ 'ತಲುಪಿತು' ಎಂಬ ಮರುಮಾತೇ ಇಲ್ಲ. ಆಚೆ ಯಾರೂ ಇಲ್ಲದಿದ್ದರೂ ಡ್ರೈವರ್ ಬೈಟುಗಳನ್ನು ಸುರಿದು, ಎಲ್ಲ ಸರಿಯಾಗಿದೆ ಎನ್ನುತ್ತದೆ. ಅದಕ್ಕೆ, ಪರದೆಗೆ ಕರೆಂಟಿದೆಯೋ ಇಲ್ಲವೋ ಪೈಗೆ ತಿಳಿಯಲೆಂದು, ಪರದೆಯ 5 ವೋಲ್ಟನ್ನು ಎರಡು ರೆಸಿಸ್ಟರ್‌ಗಳಿಂದ ಇಳಿಸಿ ಪೈನ ಒಂದು ಪಿನ್ನಿಗೆ ಕೊಟ್ಟೆ. ಆ ಪಿನ್ನು 3.3 ವೋಲ್ಟ್‌ಗಿಂತ ಹೆಚ್ಚು ತಾಳುವುದಿಲ್ಲ.

ಮೊದಲ ಯತ್ನ ಹೀಗಿತ್ತು: ಪರದೆ ಇಲ್ಲದಾಗ ಬಂದ ಬರೆಯುವ ಆದೇಶಗಳನ್ನೆಲ್ಲ ಸಾಲಾಗಿ ಕೂಡಿಡುವುದು, ಬಂದ ಮೇಲೆ ಒಂದೊಂದಾಗಿ ನಡೆಸುವುದು. ಸೋಮವಾರ ಎರಡು ತಾಸು ಕರೆಂಟಿರಲಿಲ್ಲ. ಬಂದ ಕೂಡಲೇ ಗಡಿಯಾರ ಹನ್ನೊಂದರಿಂದ ಒಂದರವರೆಗೆ ಒಂದು ಸೆಕೆಂಡನ್ನೂ ಬಿಡದೆ ಓಡಿತು. "ಉದ್ರಿ ತೀರಿಸುತ್ತಿದೆಯೇನೋ?" ಎಂದರು ಮಾವ. ಅದಕ್ಕಿಂತ ಕೆಟ್ಟದ್ದು, ದರಗಳ ಜಾಗದಲ್ಲಿ ಬರೀ ಬಣ್ಣದ ಕಸ. ದರ ಬದಲಾಗಿರಲಿಲ್ಲ, ಆದ್ದರಿಂದ ಸಾಲಿನಲ್ಲೂ ಇರಲಿಲ್ಲ. ಚಿಪ್ಪಿನ ಸ್ವಂತ ನೆನಪಂತೂ ಕರೆಂಟಿನೊಂದಿಗೇ ಹೋಗಿತ್ತು.

ಈಗ ಆದೇಶಗಳನ್ನಲ್ಲ, ಚಿತ್ರವನ್ನೇ ಇಟ್ಟುಕೊಳ್ಳುತ್ತೇನೆ. ಚುಕ್ಕೆಗೆ ಎರಡು ಬೈಟಿನಂತೆ 1,53,600 ಬೈಟು ಪೈನ ಮೆಮೊರಿಯಲ್ಲಿ. ಬರೆಯುವುದೆಲ್ಲ ಮೊದಲು ಅಲ್ಲಿಗೆ. ಪರದೆ ಇದ್ದರೆ ಬದಲಾದ ಭಾಗವಷ್ಟೇ ಹೋಗುತ್ತದೆ, ಇಲ್ಲದಿದ್ದರೆ ಏನೂ ಹೋಗುವುದಿಲ್ಲ. ಕರೆಂಟು ಮರಳಿದಾಗ ರೀಸೆಟ್, ಸ್ಲೀಪ್ ಔಟ್ (ಚಿಪ್ಪನ್ನು ನಿದ್ದೆಯಿಂದ ಎಬ್ಬಿಸುವ ಆದೇಶ), 120 ಮಿಲಿಸೆಕೆಂಡ್ ಕಾಯುವಿಕೆ, ಆಮೇಲೆ ಇಡೀ ಚಿತ್ರ ಒಮ್ಮೆಗೇ. ತಂತಿಯ 32 ಮೆಗಾಹರ್ಟ್ಸ್ ವೇಗದಲ್ಲಿ ಅದಕ್ಕೆ ಸುಮಾರು 38 ಮಿಲಿಸೆಕೆಂಡ್ ಸಾಕು. ಗಡಿಯಾರದ ಪ್ರೋಗ್ರಾಮಿಗೆ ಇದಾವುದರ ಸುದ್ದಿಯೂ ಇಲ್ಲ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಪರದೆಗಳನ್ನು ನೋಡಿಕೊಳ್ಳುವ ಡಿಆರ್‌ಎಂ ಡ್ರೈವರ್‌ಗಳ ಕೋಡಿನಲ್ಲೂ ಇದೇ ಜಾಣತನ ಕಂಡೆ: ಸಾಧನ ಕಿತ್ತುಹೋಗಿದ್ದರೆ ಬಾಗಿಲಲ್ಲೇ ಪರೀಕ್ಷಿಸಿ, ಯಂತ್ರವನ್ನು ಮುಟ್ಟದೆ ಹಿಂದಿರುಗುತ್ತವೆ. ಮೊದಲೇ ಓದಿದ್ದರೆ ಒಂದು ವಾರ ಉಳಿಯುತ್ತಿತ್ತು.

ಬುಧವಾರ ಇನ್ನೊಂದು ಕಾಟ. 5 ವೋಲ್ಟ್ ಹೋದರೂ ದತ್ತಾಂಶದ ತಂತಿಗಳಿಂದ ಚಿಪ್ಪಿನೊಳಗೆ ಕರೆಂಟು ನುಸುಳಿ, ಅದು ಅರೆಜೀವವಾಗಿ ಉಳಿಯುತ್ತಿತ್ತು. ಈಗ ಪರದೆ ಹೋದೊಡನೆ ಆ ಪಿನ್ನುಗಳನ್ನೆಲ್ಲ ಸೊನ್ನೆಗೆ ಇಳಿಸುತ್ತೇನೆ.

ನಿನ್ನೆ ಸಂಜೆಯ ಮಳೆಗೆ ಕರೆಂಟು ಎರಡು ಬಾರಿ ಹೋಯಿತು, ಎರಡೂ ಬಾರಿ ಪರದೆ ಸರಿಯಾಗಿ ಎದ್ದಿತು. ಬಾಕಿ ಇರುವುದು ಕಣ್ಣುಮಿಟುಕಿನಷ್ಟು ಹೊತ್ತು ಕರೆಂಟು ಹೋಗಿ ಬರುವ ಪ್ರಸಂಗ: ಪಿನ್ನಿಗೆ ಅದು ತಿಳಿಯುವಷ್ಟರಲ್ಲಿ ಚಿಪ್ ಎಲ್ಲ ಮರೆತಿರುತ್ತದೆ. ನಿಮಿಷಕ್ಕೊಮ್ಮೆ ಚಿಪ್ಪಿನ ಸ್ಥಿತಿಯನ್ನು ಓದಿ ನೋಡಬೇಕು. ಅದಕ್ಕೆ ಇನ್ನೊಂದು ತಂತಿ ಬೆಸೆಯಬೇಕು, ಭಾನುವಾರ ಅಂಗಡಿ ಮುಚ್ಚಿದ ಮೇಲೆ.