ಕತ್ತರಿ ಬಾಲದ ಹಕ್ಕಿಯ ಫೋಟೊಗೆ ಹೋದರೆ ಕಾರಿನಿಂದ ಇಳಿಯಬೇಡಿ

ಅಮೆರಿಕದ ಒಕ್ಲಹೋಮಾ ಸಿಟಿಯಿಂದ ವಿಚಿಟಾ ಮೌಂಟನ್ಸ್ ವನ್ಯಧಾಮಕ್ಕೆ ಹೊರಟವರು ಮೊದಲು ಟೋಲ್ ವಿಷಯ ಕೇಳಿ. ಬೂತ್ ಇಲ್ಲ, ಕಾಸು ಕೇಳುವವರೂ ಇಲ್ಲ. ಕ್ಯಾಮೆರಾ ಸುಮ್ನೆ ನಂಬರ್ ಪ್ಲೇಟ್ ಫೋಟೊ ಹೊಡೆದುಕೊಳ್ಳುತ್ತದೆ. ಮೂರು ವಾರ ಆದ ಮೇಲೆ ಬಾಡಿಗೆ ಕಾರಿನವರು ಬಿಲ್ ಕಳಿಸಿದರು. ಟೋಲ್‌ಗಿಂತ ಸರ್ವೀಸ್ ಚಾರ್ಜೇ ಜಾಸ್ತಿ! ಕಾರಿನ ಕೀ ಇಸ್ಕೊಳ್ಳುವಾಗಲೇ ಇದನ್ನು ಕೇಳಿಬಿಡಿ. ವನ್ಯಧಾಮಕ್ಕೆ ಮಾತ್ರ ಪ್ರವೇಶ ಶುಲ್ಕ ಇಲ್ಲ.

ನಾನು ಹೋಗಿದ್ದು ಮೇ ಕೊನೆಯಲ್ಲಿ, ಸಿಸರ್‌ಟೇಲ್ ಫ್ಲೈಕ್ಯಾಚರ್ ಅನ್ನುವ ಈ ಕತ್ತರಿ ಬಾಲದ ಹಕ್ಕಿ ಹುಡುಕಿಕೊಂಡು. 1951ರಿಂದ ಇದು ಒಕ್ಲಹೋಮಾದ ರಾಜ್ಯಪಕ್ಷಿ. ಆ ರಾಜ್ಯದ ಹೆಸರಲ್ಲಿ 2008ರಲ್ಲಿ ಬಂದ ಕಾಲು ಡಾಲರ್ ನಾಣ್ಯದ ಮೇಲೂ ಇದೆ. ಚಳಿಗಾಲಕ್ಕೆ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ ಹೋಗಿಬಿಡುತ್ತದೆ. ಹಾಗಾಗಿ ಮೇ, ಜೂನ್ ಒಳ್ಳೆಯ ಕಾಲ.

ಮೊದಲ ಬೆಳಿಗ್ಗೆ ವನ್ಯಧಾಮದೊಳಗೆ ಎರಡು ಗಂಟೆ ಅಲೆದೆ. ಬೈಸನ್ ಸಿಕ್ಕವು, ಹಕ್ಕಿ ಇಲ್ಲ. ಸಿಕ್ಕಿದ್ದು ಹೊರಗೆ, ದನದ ಹುಲ್ಲುಗಾವಲಿನ ಮುಳ್ಳುತಂತಿ ಮೇಲೆ. ಗಾಳಿಗೆ ಮುಖ ಕೊಟ್ಟು ಕೂತಿತ್ತು. ಮೈಗಿಂತ ಉದ್ದದ ಬಾಲ ಹಿಂದೆ ಪಟಪಟ ಅನ್ನುತ್ತಿತ್ತು. ಆಸೆಗೆ ಡೋರ್ ತೆಗೆದೆ, ಹಾರಿಹೋಯಿತು. ಆಮೇಲೆ ಕಾರಲ್ಲೇ ಕೂತು, ಕಿಟಕಿ ಮೇಲೆ ಟವೆಲ್ ಮಡಚಿಟ್ಟು ಲೆನ್ಸ್ ಊರಿದೆ. ಹತ್ತು ನಿಮಿಷಕ್ಕೆ ಅದೇ ತಂತಿಗೆ ಮಿಡತೆ ಹಿಡಿದುಕೊಂಡು ಬಂತು. ಮಿಡತೆಯನ್ನು ಎರಡು ಸಲ ತಂತಿಗೆ ಬಡಿದು ನುಂಗಿತು. ರೆಕ್ಕೆ ಎತ್ತಿದಾಗ ಕಂಕುಳಲ್ಲಿ ಕೆಂಪು ಚುಕ್ಕೆ ಕಂಡಿತು. ನಮ್ಮ ಕಾಜಾಣದ ಹಾಗೆ ಇದೂ ಗಿಡುಗವನ್ನೇ ಅಟ್ಟಿಸಿಕೊಂಡು ಹೋಗುತ್ತದೆ.

ಕರೆಂಟ್ ತಂತಿ ಮೇಲೆ ಕೂತದ್ದರ ಫೋಟೊ ತೆಗೆಯಬೇಡಿ. ಹಿಂದೆ ಬಿಳಿ ಆಕಾಶ, ಹಕ್ಕಿ ಕಪ್ಪು ಬೊಂಬೆಯಾಗುತ್ತದೆ. ಬೇಲಿ ಮೇಲಿದ್ದರೆ ಹಿಂದೆ ಹಸಿರು ಹುಲ್ಲು ಬರುತ್ತದೆ. ಪಕ್ಕೆಯ ಗುಲಾಬಿ ಬಣ್ಣ ಎಳೆ ಬಿಸಿಲಲ್ಲೇ ಚೆನ್ನ. ಹಾರುವಾಗ 1/2000 ಸೆಕೆಂಡ್ ಶಟರ್ ಇಡಿ. ಜೂಮ್ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ನನ್ನ ಅರ್ಧ ಫೋಟೊಗಳಲ್ಲಿ ಬಾಲ ಕತ್ತರಿಸಿಹೋಗಿದೆ! ಬೇಲಿಯೊಳಗೆ ಖಾಸಗಿ ಜಮೀನು, ದಾಟಬೇಡಿ.

ಊಟಕ್ಕೆ ರಸ್ತೆ ಬದಿಯ ಸಣ್ಣ ಹೋಟೆಲ್ ಹುಡುಕಿ, ಕರಿದ ಬೆಂಡೆಕಾಯಿ ಕೇಳಿ. ಹೌದು, ನಮ್ಮ ಬೆಂಡೆಕಾಯಿಯೇ! ಗುಂಡಗೆ ಹೆಚ್ಚಿ, ಮೆಕ್ಕೆಜೋಳದ ಹಿಟ್ಟಲ್ಲಿ ಹೊರಳಿಸಿ, ಗರಿಗರಿ ಕರಿದಿರುತ್ತಾರೆ. ಲೋಳೆ ಹೆಸರಿಗೂ ಇಲ್ಲ. ಬಡಿಸಿದ ಅಜ್ಜಿ ನನ್ನ ಖಾಲಿ ಬುಟ್ಟಿ ನೋಡಿ, ಕೇಳದೆಯೇ ಇನ್ನೊಂದು ತಂದಿಟ್ಟರು. ಮೂರು ದಿನ ಮಧ್ಯಾಹ್ನ ಅಲ್ಲೇ ತಿಂದೆ. ಮಧ್ಯಾಹ್ನದ ಬಿಸಿಲಲ್ಲಿ ಹೇಗೂ ಫೋಟೊ ಬರಲ್ಲ ಅಲ್ವಾ?