ಸಹಿ ಹಾಕೋ ಮುಂಚೆ: ಹದಿಹರೆಯ, ತವರುಮನೆ, ಮುಪ್ಪು

ಕೊಪ್ಪಳ, ರಾಯಚೂರು ಸೀಮೆಯಲ್ಲಿ ಒಬ್ಬರಿಗೆ ಎಷ್ಟು ಸ್ವಾತಂತ್ರ್ಯವಿದೆ ಅಂತ ತಿಳಿಯಬೇಕಾದರೆ ಪಾಸ್‌ಬುಕ್ಕು ಯಾರ ಕೈಯಲ್ಲಿದೆ, ಪಹಣಿಯಲ್ಲಿ ಯಾರ ಹೆಸರಿದೆ ನೋಡಿ. "ನಾಕು ಮಂದಿ ಏನಂತಾರ" ಅನ್ನೋ ಮಾತು ಆಯುಷ್ಯಪೂರ್ತಿ ಇದ್ದದ್ದೇ, ಆದರೆ ಆ ನಾಕು ಮಂದಿ ಮಾತ್ರ ವಯಸ್ಸಿಗೊಮ್ಮೆ ಬದಲಾಗುತ್ತಾರೆ.

ಹದಿಹರೆಯದಲ್ಲಿ ಅವರು ಗೆಳೆಯರು. ಗೆಳೆಯರ ಒತ್ತಡಕ್ಕೆ ಮಣಿಯದೆ ನಿಲ್ಲುವ ಶಕ್ತಿ 14ರಿಂದ 18ರ ನಡುವೆ ಬೆಳೆಯುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿಗಳಾದ ಸ್ಟೈನ್‌ಬರ್ಗ್ ಮತ್ತು ಮೊನಾಹನ್ ಅವರ 2007ರ ಅಧ್ಯಯನ ಹೇಳುತ್ತದೆ. ನಮ್ಮಲ್ಲಿ ಪಿಯುಸಿಗೆ ಸೈನ್ಸೋ ಕಾಮರ್ಸೋ ಅಂತ ತೀರ್ಮಾನ ಮಾಡೋದು ಸರಿಯಾಗಿ ಆ ನಡುವೆಯೇ, 15-16ಕ್ಕೆ. ಅರ್ಜಿ ತುಂಬುವ ಮುಂಚೆ ಮಗುವನ್ನು ಒಂಟಿಯಾಗಿ ಕೂರಿಸಿ ಕೇಳಿ. ಗೆಳೆಯರ ಎದುರು ಕೇಳಿದರೆ ಬರೋದು ಗೆಳೆಯರ ಉತ್ತರ. 18 ತುಂಬಿದ ಮೇಲೆ ಬ್ಯಾಂಕಿಗೆ ಹೋಗಿ ಅವರದೇ ಹೊಸ ಸಹಿ ಕೊಡಿಸಿ.

ಹೆಣ್ಣುಮಕ್ಕಳಿಗೆ ದೊಡ್ಡ ಒತ್ತಡ ಬರೋದು ಮದುವೆಯಾದ ಮೇಲೆ, ತವರಿನಿಂದ. ಅಪ್ಪ ತೀರಿದ ಮೇಲೆ "ಖಾತೆ ಮಾಡಿಸ್ಬೇಕವ್ವ, ಒಂದು ಸಹಿ ಹಾಕು" ಅಂತ ಅಣ್ಣ ಕರೆಯುತ್ತಾನೆ. ಆ ಕಾಗದ ಬಹುತೇಕ ಹಕ್ಕು ಬಿಡುಗಡೆ ಪತ್ರವಾಗಿರುತ್ತದೆ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ, ಅದು ಬೇಕಿಲ್ಲ, ಎಲ್ಲ ವಾರಸುದಾರರ ಹೆಸರನ್ನೂ ಸೇರಿಸಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಬಿಡೋದು, ಬಿಡದಿರೋದು ಅವಳ ಇಷ್ಟ. ಆದರೆ ಉಪನೋಂದಣಿ ಕಚೇರಿಗೆ ಹೋಗೋ ಮುಂಚೆ ಕರಡು ಮನೆಗೆ ತರಿಸಿಕೊಂಡು ಸರ್ವೆ ನಂಬರು, ಎಕರೆ-ಗುಂಟೆ, ಕೊಡೋ ಮೊತ್ತ ಓದಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹತ್ತಿದ ಗದ್ದೆಗೂ ಮಳೆಯಾಶ್ರಿತ ಹೊಲಕ್ಕೂ ಬೆಲೆ ಒಂದೇ ಅಲ್ಲ. ನೋಂದಣಿಯಾದ ಮೇಲೆ ಮೋಸವಾಯಿತು ಅಂತ ರದ್ದು ಮಾಡಿಸಬೇಕಾದರೆ, ಗೊತ್ತಾದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು.

ನನಗೆ ಹೆಚ್ಚು ಕಳವಳ ಮುಪ್ಪಿನದು. ದುಡಿದು ಮಾಡಿದ ಹೊಲವನ್ನು ಮಕ್ಕಳ ಮಾತಿಗೆ ಕಟ್ಟುಬಿದ್ದು ದಾನಪತ್ರ ಮಾಡಿಕೊಟ್ಟರೆ ಒಡೆತನ ಅಂದೇ ಹೋಗುತ್ತದೆ. ಉಯಿಲು ಹಾಗಲ್ಲ. ನಿಮ್ಮ ಸಹಿಯ ಜೊತೆ ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಕಡ್ಡಾಯವಲ್ಲ, ಬುದ್ಧಿ ನೆಟ್ಟಗಿರೋತನಕ ಬದಲಿಸಬಹುದು. ಆಸ್ತಿ ಪಡೆಯೋರನ್ನೇ ಸಾಕ್ಷಿ ಮಾಡದಿದ್ದರೆ ಮುಂದೆ ತಕರಾರು ಕಡಿಮೆ.

ದಾನಪತ್ರವೇ ಮಾಡಬೇಕೆಂದರೆ "ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳುವ ಷರತ್ತಿನ ಮೇಲೆ" ಎಂಬ ಸಾಲು ಪತ್ರದಲ್ಲೇ ಇರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು, ಮಕ್ಕಳು ನೋಡಿಕೊಳ್ಳದಿದ್ದರೆ ದಾನಪತ್ರ ರದ್ದು ಮಾಡಿಸೋದಕ್ಕೆ, ನೆರವಿಗೆ ಬರೋದು ಆ ಷರತ್ತಿನ ಬಲದಿಂದ. ಪತ್ರ ಬರಹಗಾರರು ಹಳೇ ನಮೂನೆಯಲ್ಲಿ "ಪ್ರೀತಿ ವಿಶ್ವಾಸದಿಂದ" ಅಂತಷ್ಟೇ ಬರೆದು ಮುಗಿಸಿದರೆ ಆಮೇಲೆ ಷರತ್ತಿತ್ತೆಂದು ಸಾಬೀತು ಮಾಡೋದು ಕಷ್ಟ.

ಜಂಟಿ ಖಾತೆಯಲ್ಲೂ ಎಚ್ಚರ ಬೇಕು. "ಇಬ್ಬರಲ್ಲಿ ಯಾರಾದರೂ" ಎಂದಿದ್ದರೆ ಮಗ ಪೂರ್ತಿ ಹಣ ತೆಗೆಯಬಹುದು. ನಾಮಿನಿ ಮಾಡಿದರೆ ಬದುಕಿರುವಾಗ ಹಣ ನಿಮ್ಮದೇ.

ನೋಡಿಕೊಳ್ಳದೆ ಬಿಟ್ಟರೆ 60 ದಾಟಿದವರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ರಾಯಚೂರು ಜಿಲ್ಲೆಯಲ್ಲಿ ರಾಯಚೂರು, ಲಿಂಗಸುಗೂರು ಎರಡೂ ಕಡೆ ಆ ಕಚೇರಿ ಇದೆ. ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿ 90 ದಿನದೊಳಗೆ ಮುಗಿಸಬೇಕೆಂದು ಕಾಯ್ದೆಯಲ್ಲಿದೆ. ಆಧಾರ್, ವಯಸ್ಸಿನ ದಾಖಲೆ, ದಾನಪತ್ರದ ದೃಢೀಕೃತ ನಕಲು, ಪಹಣಿ ಜೊತೆಗಿರಲಿ.